ಜಾಂಸ್ಕಾರದ ಬೆಟ್ಟಗುದುರೆ

ಕುದುರೆಗಳ ಜಾತಿಭೇದಗಳನ್ನು ಕುರಿತು ಭಾರತದ ಪ್ರಾಚೀನ ಗ್ರಂಥಗಳಲ್ಲಿ ದೊರೆಯುವ ವಿವರಗಳು ಅಲ್ಪವಲ್ಲ. ಅಮರಕೋಶದ ಕ್ಷತ್ರಿಯವರ್ಗವನ್ನು ಓದಿದವರಿಗೆ ವನಾಯು, ಪಾರಸೀಕ, ಕಾಂಬೋಜ, ಬಾಹ್ಲಿಕ ದೇಶಗಳ ಕುದುರೆಗಳು ಪರಿಚಿತವೇ ಆಗಿವೆ. ಕೌಟಿಲ್ಯನು ಅಶ್ವಾಧ್ಯಕ್ಷಪ್ರಕರಣದಲ್ಲಿ ಕಾಂಬೋಜ, ಸಿಂಧು, ಆರಟ್ಟ, ವನಾಯು ದೇಶಗಳಲ್ಲಿ ಹುಟ್ಟಿದವುಗಳನ್ನು ಉತ್ತಮವೆಂದೂ, ಬಾಹ್ಲಿಕ, ಪಾಪೇಯ, ಸೌವೀರ, ತೈತಲಗಳವನ್ನು ಮಧ್ಯಮವೆಂದೂ ಎಣಿಸಿ, ಉಳಿದವೆಲ್ಲವೂ ಕೀಳೆಂದು ಒಂದೇ ಮಾತಿನಲ್ಲಿ ಮುಗಿಸಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಕುದುರೆಗಳನ್ನು ಹುಟ್ಟಿದ ದೇಶದಿಂದ ವಿಂಗಡಿಸಿದೆ. ವಿಜಯನಗರದ ಅರಸರ ಕಾಲದಲ್ಲಿ ಅರಬ್ಬೀ ಮತ್ತು ಪಾರಸೀಕ ಕುದುರೆಗಳು ಭಟ್ಕಳವೇ ಮೊದಲಾದ ರೇವುಗಳಲ್ಲಿ ಬಂದಿಳಿಯುತ್ತಿದ್ದುದು ಚರಿತ್ರಕಾರರಿಗೆ ತಿಳಿದ ವಿಷಯ. ಈ ಎಣಿಕೆಗೆಲ್ಲ ಮುಖ್ಯ ಆಧಾರವು ಯುದ್ಧೋಪಯೋಗ. ರಥಕ್ಕೂ ರಾಹುತನಿಗೂ ಒದಗದ ಕುದುರೆಯು ಹೆಸರಿಲ್ಲದೆ “ಉಳಿದವು” ಎಂಬ ವರ್ಗದಲ್ಲಿ ಸೇರಿಹೋಯಿತು. ಬೆಟ್ಟಸೀಮೆಯ ಸಣ್ಣ ಕುದುರೆಗಳ ಪಾಡು ಇದೇ. ಅವುಗಳಲ್ಲಿ ಒಂದಾದ ಜಾಂಸ್ಕಾರದ ಕುದುರೆಯನ್ನು ಪರಿಶೀಲಿಸಿದರೆ ಈ ತಾರತಮ್ಯದ ಮಿತಿಯು ಗೋಚರವಾಗುತ್ತದೆ.

ಜಾಂಸ್ಕಾರವು ಲಡಾಖಿನ ದಕ್ಷಿಣಭಾಗದಲ್ಲಿರುವ ಒಂದು ಕಣಿವೆ. ಸ್ತೋದ್, ಲುಂಗ್ನಾಕ್ ಎಂಬ ಎರಡು ಹೊಳೆಗಳು ಪದುಮ್ ಎಂಬ ಊರಿನ ಬಳಿ ಕೂಡಿ, ಜಾಂಸ್ಕಾರ ನದಿಯೆಂಬ ಹೆಸರಿನಿಂದ ಉತ್ತರಕ್ಕೆ ಹರಿದು, ನಿಮ್ಮೂ ಗ್ರಾಮದೆಡೆಯಲ್ಲಿ ಸಿಂಧುವನ್ನು ಸೇರುತ್ತವೆ. ಕಣಿವೆಯ ತಳವೇ ಸಮುದ್ರಮಟ್ಟದಿಂದ ಸುಮಾರು ೩,೫೦೦ ಮೀಟರು ಎತ್ತರದಲ್ಲಿದೆ. ಹೊರನಾಡಿಗೆ ಹೋಗುವ ಘಾಟಿಗಳಲ್ಲಿ ಪೆನ್ಸಿ-ಲಾ ಸುಮಾರು ೪,೪೦೦ ಮೀಟರು, ಶಿಂಗೋ-ಲಾ ೫,೦೦೦ ಮೀಟರಿಗೂ ಮಿಗಿಲು. ಚಳಿಗಾಲದಲ್ಲಿ ಈ ಘಾಟಿಗಳು ಹಿಮದಿಂದ ಮುಚ್ಚಿದಾಗ, ಹೆಪ್ಪುಗಟ್ಟಿದ ನದಿಯ ಮೇಲಣ ನಡೆದಾರಿಯೊಂದೇ ಬಹುಕಾಲ ಗತಿಯಾಗಿತ್ತು.

ಇಂಥ ನೆಲಕ್ಕೆ ತಕ್ಕುದಾಗಿ ಬೆಳೆದುಬಂದ ಈ ಕುದುರೆಯು ಹೆಗಲಿನವರೆಗೆ ೧೨೦ರಿಂದ ೧೪೦ ಸೆಂಟಿಮೀಟರು ಎತ್ತರವಿರುತ್ತದೆ. ಮೈಕಟ್ಟು ಗಟ್ಟಿ, ಕಣ್ಣುಗಳು ಎದ್ದು ಕಾಣುವಂಥವು, ಬಾಲವು ನೀಳವೂ ದಟ್ಟವೂ ಆದುದು, ನಡಿಗೆ ಸಮವಾದುದು. ಬೂದುಬಣ್ಣವೇ ಹೆಚ್ಚು, ಕಪ್ಪು ಮತ್ತು ತಾಮ್ರವರ್ಣದವೂ ಉಂಟು. ಗಾಳಿಯು ತೆಳುವಾದ ಎತ್ತರದಲ್ಲಿ ಹೊರೆ ಹೊತ್ತು ನಡೆಯುವುದು ಇದರ ವಿಶೇಷ ಶಕ್ತಿ. ನೆರೆಯ ಟಿಬೆಟ್ಟಿನ ಕುದುರೆಗಳಲ್ಲಿ ಪ್ರಾಣವಾಯುವಿನ ಕೊರತೆಯನ್ನು ತಾಳಿಕೊಳ್ಳಲು ನೆರವಾಗುವ ಆನುವಂಶಿಕ ವ್ಯತ್ಯಾಸವೊಂದನ್ನು ವಿಜ್ಞಾನಿಗಳು ೨೦೧೯ರಲ್ಲಿ ಪ್ರಕಟಪಡಿಸಿದರು. ಬಯಲಿನ ರಣರಂಗವನ್ನೇ ಒರೆಗಲ್ಲಾಗಿ ಇಟ್ಟುಕೊಂಡ ಎಣಿಕೆಗೆ ಇಂಥ ಗುಣವು ಕಾಣುವಂತಿರಲಿಲ್ಲ.

ಈ ಕುದುರೆಯ ಪೂರ್ವಚರಿತ್ರೆಯನ್ನು ಯುದ್ಧವೃತ್ತಾಂತಗಳಲ್ಲಿ ಹುಡುಕುವುದಕ್ಕಿಂತ ವ್ಯಾಪಾರದ ಮತ್ತು ಸೇವೆಯ ದಾರಿಗಳಲ್ಲಿ ಹುಡುಕುವುದು ಉಚಿತ. ಜಾಂಸ್ಕಾರದವರು ಪೂರ್ವದ ರೂಪ್ಶು ಸೀಮೆಯ ಉಪ್ಪನ್ನು ತಂದು, ದಕ್ಷಿಣದ ಕಡೆಗೆ ಸಾಗಿಸಿ, ಧಾನ್ಯಕ್ಕೆ ಬದಲು ಮಾಡುತ್ತಿದ್ದರು. ೧೬೮೪ರ ತಿಂಗ್ಮೋಸ್ಗಾಂಗ್ ಒಪ್ಪಂದದ ತರುವಾಯ ಲೇಹದಿಂದ ಲಾಸಾ ನಗರಕ್ಕೆ ಮೂರು ವರ್ಷಕ್ಕೊಮ್ಮೆ ಕಾಣಿಕೆಯ ತಂಡವು ಹೋಗುವ ಪದ್ಧತಿ ನಡೆದುಬಂತು. ಇಂಥ ರಾಜಕಾರ್ಯದ ಪ್ರಯಾಣಗಳಿಗೆ ಹೊರೆಯ ಪ್ರಾಣಿಗಳನ್ನು ಒದಗಿಸುವ ಭಾರವು ದಾರಿಯ ಹಳ್ಳಿಗಳ ಮೇಲೆ ಬೀಳುತ್ತಿತ್ತು. ೧೮೩೪ರಲ್ಲಿ ಜೋರಾವರ ಸಿಂಹನ ದಂಡಯಾತ್ರೆಯಿಂದ ಮೊದಲಾದ ಡೋಗ್ರಾ ಆಳ್ವಿಕೆಯಲ್ಲಿಯೂ ಬೇಗಾರವು ಮುಂದುವರಿಯಿತು. ಕನ್ನಡ ಶಾಸನಗಳಲ್ಲಿ ಬರುವ ಬಿಟ್ಟಿಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಬಿಡಿಸಿ ಹೇಳತಕ್ಕದ್ದಿಲ್ಲ. ಕುದುರೆಯುಳ್ಳ ಮನೆಗೆ ಕುದುರೆಯು ಸಂಪತ್ತೂ ಹೌದು, ಅರಸನಿಗೆ ತೆರಬೇಕಾದ ಋಣವೂ ಹೌದು.

ಯುದ್ಧಾಶ್ವದ ದೃಷ್ಟಿಯು ಎಷ್ಟು ಬಲವಾದುದೆಂಬುದಕ್ಕೆ ವಿಲಿಯಂ ಮೂರ್‌ಕ್ರಾಫ್ಟನ ಚರಿತ್ರೆಯು ಉತ್ತಮ ನಿದರ್ಶನ. ಈ ಆಂಗ್ಲ ಪಶುವೈದ್ಯನು ೧೮೦೮ರಲ್ಲಿ ಬಿಹಾರದ ಪೂಸಾದಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಅಶ್ವಶಾಲೆಗೆ ಅಧಿಕಾರಿಯಾಗಿ ಬಂದನು. ಕಂಪೆನಿಯ ಸೈನ್ಯಕ್ಕೆ ಬೇಕಾದ ದೊಡ್ಡ ಕುದುರೆಗಳನ್ನು ಬುಖಾರದಿಂದ ತರಬೇಕೆಂಬುದು ಅವನ ಉದ್ದೇಶ. ೧೮೨೦ರಲ್ಲಿ ಲೇಹವನ್ನು ಮುಟ್ಟಿ, ಯಾರ್ಕಂದಕ್ಕೆ ಹೋಗಲು ಅಪ್ಪಣೆಯನ್ನು ಎದುರುನೋಡುತ್ತ ಸುಮಾರು ಎರಡು ವರ್ಷ ಆ ಸೀಮೆಯಲ್ಲಿ ಕಳೆದನು. ಅಪ್ಪಣೆ ದೊರೆಯಲಿಲ್ಲ. ಬೇರೆ ದಾರಿಯಿಂದ ಬುಖಾರವನ್ನು ಕಂಡು, ಹಿಂದಿರುಗುವಾಗ ೧೮೨೫ರಲ್ಲಿ ಅಂದ್‌ಖೂಯಿಯಲ್ಲಿ ತೀರಿಕೊಂಡನು. ಅವನ ಪ್ರವಾಸಲೇಖನಗಳನ್ನು ಸಂಸ್ಕೃತವಿದ್ವಾಂಸನಾದ ಹೆಚ್. ಹೆಚ್. ವಿಲ್ಸನ್ ೧೮೪೧ರಲ್ಲಿ ಪ್ರಕಟಿಸಿದನು. ಅಶ್ವಲಕ್ಷಣದಲ್ಲಿ ನುರಿತ ಇಂಥವನ ಪ್ರಯಾಣದ ಗುರಿಯೂ ಬೆಟ್ಟಗುದುರೆಗಳ ನಾಡಿನ ಆಚೆಗೇ ಇತ್ತೆಂಬುದು ಗಮನಾರ್ಹ. ಅದು ಅವನ ದೋಷವಲ್ಲ. ಸೈನ್ಯವು ಬೇಡಿದುದು ಎತ್ತರದ ಕುದುರೆಯನ್ನು.

ರಾಜ್ಯವು ಈ ತಳಿಯನ್ನು ತಳಿಯೆಂದು ಆದರಿಸಿದುದು ಬಹಳ ತಡವಾಗಿ. ೧೯೭೭ರಲ್ಲಿ ಅಂದಿನ ಜಮ್ಮು-ಕಾಶ್ಮೀರ ರಾಜ್ಯದ ಪಶುಸಂಗೋಪನ ಇಲಾಖೆಯು ಪದುಮಿನಲ್ಲಿ ತಳಿಸಂವರ್ಧನ ಕೇಂದ್ರವೊಂದನ್ನು ಸ್ಥಾಪಿಸಿತು. ೧೯೮೦ರ ಸುಮಾರಿಗೆ ಕಾರ್ಗಿಲಿನಿಂದ ಮೋಟಾರು ರಸ್ತೆಯು ಅದೇ ಊರನ್ನು ಮುಟ್ಟಿತು. ರಕ್ಷಣೆಯೂ ವೃತ್ತಿನಾಶವೂ ಹೆಚ್ಚು ಕಡಿಮೆ ಒಟ್ಟಿಗೆ ಬಂದವು. ೨೦೨೪ರ ಮಾರ್ಚಿಯಲ್ಲಿ ನಿಮ್ಮೂವಿನಿಂದ ಪದುಮಿನ ಮೂಲಕ ದಾರ್ಚಾದವರೆಗಿನ ರಸ್ತೆಯ ಕೊಂಡಿಯೂ ಕೂಡಿತು. ಹಿಂದೆ ಕುದುರೆ ಹೊತ್ತ ಹೊರೆಯನ್ನು ಇಂದು ಹೆಚ್ಚಾಗಿ ಲಾರಿ ಹೊರುತ್ತದೆ. ಇದಲ್ಲದೆ ಬೇರೆ ಬೆರಕೆ ಕುದುರೆಗಳ ಸಂಪರ್ಕದಿಂದ ತಳಿಯು ಕಲಸಿಹೋಗಿ, ಶುದ್ಧವಾದವು ಕೆಲವು ನೂರು ಮಾತ್ರ ಉಳಿದಿವೆಯೆಂದು ಪಶುತಜ್ಞರು ಎಣಿಸಿದ್ದಾರೆ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ತಳಿಪಟ್ಟಿಯಲ್ಲಿ ಇದರ ಹೆಸರು ಸೇರಿದೆ. ಕೌಟಿಲ್ಯನ ಪಟ್ಟಿಯಲ್ಲಿ ದೊರೆಯದ ಸ್ಥಾನವು ಹೀಗೆ ದೊರೆತಂತಾಯಿತು.

ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರದಿಂದ ತಳಿಯು ಉಳಿಯಲಾರದು. ಯಾವ ಮರಿಯನ್ನು ಸಾಕಬೇಕು, ಯಾವ ಹೊಳೆಯನ್ನು ಎಲ್ಲಿ ದಾಟಿಸಬೇಕು, ಎಷ್ಟು ಹೊರೆ ತಕ್ಕುದು ಎಂಬ ಅರಿವು ಸಾಕಿದವರ ಬಾಯಲ್ಲಿದೆ. ಕುದುರೆಯ ಕೆಲಸವು ತಪ್ಪಿದೊಡನೆ ಆ ನುಡಿಗಳೂ ಬಳಕೆ ತಪ್ಪುತ್ತವೆ. ಆದುದರಿಂದ ಪಶುವಿಜ್ಞಾನಿಗಳು ರಕ್ತವನ್ನು ಪರೀಕ್ಷಿಸುವಷ್ಟೇ ಆಸ್ಥೆಯಿಂದ ಭಾಷಾವಿದರೂ ಚರಿತ್ರಕಾರರೂ ಆ ನುಡಿಗಳನ್ನೂ ಬೇಗಾರದ ಲೆಕ್ಕಗಳನ್ನೂ ಸಂಗ್ರಹಿಸುವುದು ಆವಶ್ಯಕ. ಅರಸರ ಕುದುರೆಗಳಿಗೆ ಕೋಶಗಳೂ ಶಾಸ್ತ್ರಗಳೂ ಸಾಕ್ಷಿಯಾಗಿವೆ. ಒಕ್ಕಲಿನ ಕುದುರೆಗೆ ಇಂಥ ಸಾಕ್ಷ್ಯಗಳೇ ಮುಖ್ಯವಾದ ಆಧಾರ.