ನಾರುಹುಣ್ಣು: ಮದ್ದಿಲ್ಲದೆ ಸೋತ ಒಂದು ಹುಳುವಿನ ಚರಿತ್ರೆ

ನಮ್ಮ ಸಂಘದ ಹಿರಿಯರಲ್ಲಿ ಬಯಲುಸೀಮೆಯ ಹಳ್ಳಿಗಳಿಂದ ಬಂದವರಿಗೆ ‘ನಾರುಹುಣ್ಣು’ ಎಂಬ ಪದ ಗೊತ್ತಿರುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಅದನ್ನು ಕೇಳಿಯೇ ಇರಲಾರರು. ಒಂದು ರೋಗದ ಹೆಸರನ್ನೇ ಮುಂದಿನ ತಲೆಮಾರು ಮರೆಯುವುದು ಸಂತೋಷದ ಸಂಗತಿ. ಆದರೆ ಆ ರೋಗ ಹೇಗೆ ಹೋಯಿತು ಎಂಬುದನ್ನೂ ಮರೆತರೆ ನಷ್ಟ ನಮಗೇ. ಮನುಷ್ಯರ ರೋಗಗಳಲ್ಲಿ ಜಗತ್ತಿನಿಂದ ಪೂರ್ತಿ ನಿರ್ಮೂಲವಾದದ್ದು ಇದುವರೆಗೆ ಸಿಡುಬು ಒಂದೇ. ಸಿಡುಬಿಗೆ ಲಸಿಕೆಯಿತ್ತು. ನಾರುಹುಣ್ಣಿಗೆ ಲಸಿಕೆಯೂ ಇಲ್ಲ, ಗುಣಪಡಿಸುವ ಮಾತ್ರೆಯೂ ಇಲ್ಲ. ಹಾಗಿದ್ದೂ ಅದು ಭಾರತದಿಂದ ಹೋಗಿದೆ, ಜಗತ್ತಿನಿಂದಲೂ ಹೋಗುವ ಅಂಚಿನಲ್ಲಿದೆ.

ಈ ರೋಗಕ್ಕೆ ಕಾರಣವಾದ ಗಿನಿ ಹುಳು ದುಂಡುಹುಳುಗಳ, ಅಂದರೆ ನೆಮಟೋಡ್‌ಗಳ, ಗುಂಪಿಗೆ ಸೇರಿದ್ದು. ಈ ಗುಂಪಿನ ಬಹುಪಾಲು ಜೀವಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಮಣ್ಣಿನಲ್ಲಿ, ಸಮುದ್ರದ ತಳದಲ್ಲಿ ಯಾರಿಗೂ ತೊಂದರೆ ಕೊಡದೆ ಬದುಕುತ್ತವೆ. ಕೆಲವು ಮಾತ್ರ ಗಿಡ, ಪ್ರಾಣಿ, ಮನುಷ್ಯರನ್ನು ಆಶ್ರಯಿಸಿವೆ. ನಮ್ಮ ಜಂತುಹುಳು, ಕೊಕ್ಕೆಹುಳು, ಆನೆಕಾಲು ರೋಗದ ಹುಳು ಎಲ್ಲವೂ ಇದೇ ಬಳಗದವು. ಗಿನಿ ಹುಳುವಿನ ಹೆಣ್ಣು ಒಂದು ಮೀಟರ್ ಉದ್ದದವರೆಗೂ ಬೆಳೆಯಬಲ್ಲದು, ದಪ್ಪ ಮಾತ್ರ ಒಂದು ದಾರದಷ್ಟೇ. ನಾರು ಎಂಬ ಹೆಸರು ಅದಕ್ಕೆ ಎಷ್ಟು ಒಪ್ಪುತ್ತದೆ ನೋಡಿ.

ಇದರ ಜೀವನಚಕ್ರ ನೀರನ್ನೇ ನಂಬಿದೆ. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಚರವಿರುತ್ತದೆ. ಅದು ಹುಳುವಿನ ಮರಿಯನ್ನು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಬದುಕುತ್ತದೆ. ಮುಂದಿನ ಸುಮಾರು ಒಂದು ವರ್ಷ ರೋಗಿಗೆ ಏನೂ ತಿಳಿಯುವುದಿಲ್ಲ. ಆಮೇಲೆ ಒಂದು ದಿನ, ಹೆಚ್ಚಾಗಿ ಪಾದದಲ್ಲೋ ಮೊಣಕಾಲಿನ ಕೆಳಗೋ, ಬೊಬ್ಬೆ ಏಳುತ್ತದೆ. ಬೆಂಕಿಯಿಟ್ಟಂತಹ ಉರಿ. ಉರಿ ತಣಿಯಲೆಂದು ರೋಗಿ ಕಾಲನ್ನು ನೀರಿಗಿಡುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ. ಬೊಬ್ಬೆ ಒಡೆದು ಲಕ್ಷಗಟ್ಟಲೆ ಮರಿಗಳು ನೀರಿಗೆ ಇಳಿಯುತ್ತವೆ. ಈ ವರ್ಷದ ರೋಗಿ ಮುಂದಿನ ವರ್ಷದ ರೋಗಿಗಳನ್ನು ತಯಾರು ಮಾಡಿ ಹೋಗುತ್ತಾನೆ.

ಚಿಕಿತ್ಸೆಯೆಂದರೆ ಹೊರಬಂದ ಹುಳುವಿನ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವೇ ಸೆಂಟಿಮೀಟರ್‌ನಂತೆ, ವಾರಗಟ್ಟಲೆ ಎಳೆಯುವುದು. ಅವಸರ ಮಾಡಿದರೆ ಹುಳು ತುಂಡಾಗಿ, ಒಳಗೆ ಬಾವು ಬಂದು ಕೀವಾಗುತ್ತದೆ. ಕ್ರಿಸ್ತಪೂರ್ವ 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಹೇಳಿರುವುದೂ ಇದೇ ವಿಧಾನವೆಂದು ವಿದ್ವಾಂಸರು ಓದುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1975ರಲ್ಲಿ ಪರೀಕ್ಷಿಸಿದ ಒಬ್ಬ ಈಜಿಪ್ಟ್ ಬಾಲೆಯ ಮಮ್ಮಿಯೊಳಗೆ ಸುಣ್ಣಗಟ್ಟಿದ ಗಿನಿ ಹುಳು ಸಿಕ್ಕಿತು. ಮೂರು ಸಾವಿರ ವರ್ಷಗಳ ವೈದ್ಯವಿಜ್ಞಾನ ಆ ಕಡ್ಡಿಗಿಂತ ಮುಂದೆ ಹೋಗಲಿಲ್ಲ ಎಂದು ಒಬ್ಬ ವೈದ್ಯನಾಗಿ ಒಪ್ಪಿಕೊಳ್ಳಬೇಕು.

ಮುಂದೆ ಹೋದದ್ದು ಹುಳುವಿನ ಜೀವನದ ಅರಿವು. 1870ರಲ್ಲಿ ರಷ್ಯಾದ ಅಲೆಕ್ಸಿ ಫೆಡ್ಚೆಂಕೊ ತುರ್ಕಸ್ತಾನದಲ್ಲಿ ಕೆಲಸ ಮಾಡುತ್ತ ಸೈಕ್ಲಾಪ್ಸ್‌ನ ಪಾತ್ರವನ್ನು ಕಂಡುಹಿಡಿದರು. ನಂತರದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ. 1930ರ ದಶಕದಲ್ಲಿ ವಿ. ಎನ್. ಮೂರ್ತಿ ಎಂಬ ಸಂಶೋಧಕರು ಚಿತ್ರದುರ್ಗ ಜಿಲ್ಲೆಯ ನಾರುಹುಣ್ಣನ್ನು ಅಧ್ಯಯನ ಮಾಡಿದರು. ರಾಕ್‌ಫೆಲರ್ ಪ್ರತಿಷ್ಠಾನದಿಂದ ಬಂದಿದ್ದ ಡಬ್ಲ್ಯು. ಸಿ. ಸ್ವೀಟ್ ಅವರ ಜೊತೆಗಿದ್ದರು. ರೋಗದ ಮೂಲ ಮೆಟ್ಟಿಲುಬಾವಿಗಳಲ್ಲಿತ್ತು. ನೀರಿಗೆ ಇಳಿದು, ಕಾಲು ತೊಳೆದು, ಅದೇ ನೀರನ್ನು ಕೊಡಕ್ಕೆ ತುಂಬಿಕೊಳ್ಳುವುದು ರೂಢಿ. ಇವರು ಬಾವಿಗಳಿಗೆ ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಬಿಟ್ಟು ನೋಡಿದರು. ಹುಳುವಿನ ದೇಹರಚನೆಯನ್ನು ಮೂರ್ತಿಯವರು ಹೊಸದಾಗಿ ವಿವರಿಸಿದರು. ನಾಯಿಗಳಿಗೂ ಈ ಹುಳುವನ್ನು ಅಂಟಿಸಬಹುದೆಂದು ಪ್ರಯೋಗದಿಂದ ತೋರಿಸಿದರು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಭಾರತ ಸರ್ಕಾರದ ನಿರ್ಮೂಲನಾ ಕಾರ್ಯಕ್ರಮ 1980ರ ದಶಕದ ಮೊದಲ ಭಾಗದಲ್ಲಿ ಶುರುವಾಯಿತು. 1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು, ರೋಗಪೀಡಿತ ಹಳ್ಳಿಗಳು 12,000ಕ್ಕೂ ಹೆಚ್ಚು. ಪೀಡಿತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಾಡಿದ ಕೆಲಸವನ್ನು ಪಟ್ಟಿ ಮಾಡಿದರೆ ತೀರಾ ಸಾಧಾರಣವಾಗಿ ಕಾಣುತ್ತದೆ. ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವುದು, ಹುಣ್ಣಿಗೆ ಪಟ್ಟಿ ಕಟ್ಟಿ ನೀರಿಗಿಳಿಯದಂತೆ ನೋಡಿಕೊಳ್ಳುವುದು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವುದು, ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಟೆಮೆಫಾಸ್ ಹಾಕುವುದು, ಮೆಟ್ಟಿಲುಬಾವಿಯನ್ನು ಸೇದುವ ಬಾವಿಯಾಗಿ ಮಾರ್ಪಡಿಸುವುದು, ಕೊಳವೆಬಾವಿ ಕೊರೆಸಿ ಕೈಪಂಪು ಹಾಕುವುದು. ತಲೆತಲಾಂತರದಿಂದ ಕುಡಿದ ಬಾವಿಯನ್ನು ಬಿಟ್ಟು, ರುಚಿಯೇ ಬೇರೆಯಾದ ಕೈಪಂಪಿನ ನೀರಿಗೆ ಹೊಂದಿಕೊಳ್ಳುವುದು ಹಳ್ಳಿಯವರಿಗೆ ಸಣ್ಣ ಮಾತಲ್ಲ. ಒಂದು ವರ್ಷ ಮೊದಲು ಕುಡಿದ ನೀರೇ ಇಂದಿನ ಹುಣ್ಣಿಗೆ ಕಾರಣವೆಂದು ನಂಬಿಸುವುದೂ ಸುಲಭವಲ್ಲ. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಘೋಷಿಸಿತು.

ಜಗತ್ತಿನ ಮಟ್ಟದಲ್ಲಿ 1986ರಿಂದ ಮುಂದಾಳತ್ವ ವಹಿಸಿದ್ದು ಅಮೆರಿಕದ ಅಟ್ಲಾಂಟಾದಲ್ಲಿರುವ ಕಾರ್ಟರ್ ಕೇಂದ್ರ. ಆಗ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಈ ರೋಗವಿತ್ತೆಂದು ಅಂದಾಜು. ಮಾಲಿ ದೇಶದ ಡೋಗೊನ್ ಜನ ಇದನ್ನು ಖಾಲಿ ಕಣಜದ ರೋಗ ಎನ್ನುತ್ತಿದ್ದರು. ಬಿತ್ತನೆ, ಕೊಯ್ಲಿನ ಹೊತ್ತಿಗೇ ರೈತ ಮಲಗಿದರೆ ಕಣಜ ತುಂಬುವುದೆಲ್ಲಿಂದ? 1995ರಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸುಡಾನಿನ ಅಂತರ್ಯುದ್ಧದ ನಡುವೆ ಕದನವಿರಾಮ ಮಾಡಿಸಿ, ಆರೋಗ್ಯ ಕಾರ್ಯಕರ್ತರಿಗೆ ಸುಮಾರು ಆರು ತಿಂಗಳ ಅವಕಾಶ ದೊರಕಿಸಿದರು. 2023ರಲ್ಲಿ ಇಡೀ ಜಗತ್ತಿನಲ್ಲಿ ವರದಿಯಾದ ಮನುಷ್ಯ ಪ್ರಕರಣಗಳು 14.

ಆದರೆ ಕೊನೆಯ ಹೆಜ್ಜೆ ಬಾಕಿಯಿದೆ. 2012ರಿಂದ ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳಲ್ಲಿ ಈ ಹುಳು ಕಾಣತೊಡಗಿತು. 2019ರಲ್ಲಿ ಅಲ್ಲಿ 1,900ಕ್ಕೂ ಹೆಚ್ಚು ನಾಯಿಗಳಿಗೆ ಸೋಂಕಿತ್ತು. ಬಿಸಾಡಿದ ಹಸಿ ಮೀನು ಮತ್ತು ಅದರ ಕರುಳನ್ನು ತಿನ್ನುವುದರಿಂದ ನಾಯಿಗಳಿಗೆ ಬರುತ್ತಿರಬಹುದೆಂದು ತಜ್ಞರ ಊಹೆ. ಸೈಕ್ಲಾಪ್ಸನ್ನು ತಿಂದು ಮೈಸೂರಿನ ಬಾವಿಯಲ್ಲಿ ಉಪಕಾರಿಯಾಗಿದ್ದ ಮೀನೇ ಅಲ್ಲಿ ಹುಳುವಿನ ವಾಹನವಾಗಿರಬಹುದು. ನಾಯಿಗೂ ಅಂಟಬಲ್ಲದೆಂದು ಮೂರ್ತಿಯವರು ತೋರಿಸಿದ್ದು 1930ರ ದಶಕದಲ್ಲಿ. ಹಳೆಯ ಸಂಶೋಧನೆ ಹಳತಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಂದು ನಮ್ಮ ಸದಸ್ಯರಲ್ಲಿ ಹಲವರು ತಮ್ಮ ಊರಿನ ಕಲ್ಯಾಣಿ, ಹಳೆಯ ಬಾವಿಗಳ ಜೀರ್ಣೋದ್ಧಾರಕ್ಕೆ ನೆರವಾಗುತ್ತಿದ್ದಾರೆ. ಒಳ್ಳೆಯ ಕೆಲಸ, ನಡೆಯಲಿ. ಅಂತರ್ಜಲಕ್ಕೂ ಶಿಲ್ಪಕ್ಕೂ ಅವು ಬೇಕು. ಆದರೆ ಜನ ಇಳಿಯುವ ನೀರು ಬೇರೆ, ಕುಡಿಯುವ ನೀರು ಬೇರೆ ಎಂಬ ನಿಯಮವನ್ನು ಆ ಕಲ್ಲುಗಳ ಜೊತೆಗೇ ಉಳಿಸಬೇಕು. ಈ ಗೆಲುವಿನ ಅಂಕಿಅಂಶಗಳು ಸರ್ಕಾರದ ಕಡತಗಳಲ್ಲಿವೆ. ಮನೆಮನೆ ತಿರುಗಿದ ಆರೋಗ್ಯ ಸಹಾಯಕರು ಯಾರು, ಯಾವ ಊರಿನ ಬಾವಿಗೆ ಯಾವ ವರ್ಷ ಕಟ್ಟೆ ಕಟ್ಟಿದರು, ಕೈಪಂಪು ಬಂದ ದಿನ ಊರವರು ಏನೆಂದರು ಎಂಬುದು ನಮ್ಮ ಹಿರಿಯರ ನೆನಪಿನಲ್ಲಷ್ಟೇ ಇದೆ. ಬಿಜಾಪುರ, ಗುಲ್ಬರ್ಗ, ರಾಯಚೂರು, ಚಿತ್ರದುರ್ಗದ ಕಡೆಯ ಅಜ್ಜ ಅಜ್ಜಿಯರು ಈ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಗೆ ಅದನ್ನು ಹೇಳಲಿ, ಮೊಮ್ಮಕ್ಕಳು ಬರೆದಿಡಲಿ. ಮುಂದಿನ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಲೇಖನ ಬೇಕಿಲ್ಲ.