ಕಾಳು ಬಂತು, ಉಣ್ಣುವ ವಿದ್ಯೆ ಬರಲಿಲ್ಲ

ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ಸುಮಾರು 30 ಕಿ.ಮೀ. ದಾರಿಯಲ್ಲಿ ಮಳೆಯೇ ಬದಲಾಗುತ್ತದೆ. ಮೇಲೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಸುರಿಯುವ ಮಳೆ, ಕೆಳಗೆ ಬರುವಷ್ಟರಲ್ಲಿ ಅದರ ಮೂರನೇ ಒಂದು ಪಾಲಿನಷ್ಟಕ್ಕೆ ಕುಗ್ಗುತ್ತದೆ. ಕಾಫಿ ತೋಟಗಳು ಹಿಂದೆ ಸರಿದು ಬಯಲು ಹೊಲಗಳು ಎದುರಾಗುತ್ತವೆ. ಮುಂಗಾರಿನ ದಿನಗಳಲ್ಲಿ ಆ ಹೊಲಗಳಲ್ಲಿ ಆಳೆತ್ತರಕ್ಕೆ ನಿಲ್ಲುವುದು ಮುಸುಕಿನ ಜೋಳ. ನೀರು ನಿಲ್ಲುವ ನೆಲ ಅದಕ್ಕೆ ಆಗದು. ಹದವಾದ ಮಳೆ, ನೀರು ಬಸಿದುಹೋಗುವ ಮಣ್ಣು ಸಿಕ್ಕರೆ ಸಾಕು.

ಕುಶಾಲನಗರದಲ್ಲಿ ಕಾವೇರಿಯೇ ಕೊಡಗಿನ ಗಡಿ. ಸೇತುವೆ ದಾಟಿ ಕೆಲವೇ ಕಿ.ಮೀ. ಹೋದರೆ ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ. 1960ರ ಕೊನೆಯಲ್ಲಿ ಟಿಬೆಟ್ ನಿರಾಶ್ರಿತರ ಮೊದಲ ತಂಡ ಇಲ್ಲಿಗೆ ಬಂತು. ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆ ನೆಲದಲ್ಲಿ ಹೆಚ್ಚಿನದು ಕಾಡು. ಮರ ಕಡಿದು, ಬೇರು ಕಿತ್ತು, ಆನೆಗಳ ಕಾಟ ಸಹಿಸಿ ಅವರು ಹೊಲ ಮಾಡಿದರು. ಹುರಿದ ಬಾರ್ಲಿಯ ಹಿಟ್ಟು ‘ತ್ಸಾಂಪಾ’ ಉಂಡು ಬೆಳೆದ ಜನ ಅವರು. ಆದರೆ ತಣ್ಣನೆಯ ಎತ್ತರದ ನಾಡಿನ ಬೆಳೆಗೆ ಇಲ್ಲಿನ ಹವೆ ಒಗ್ಗುವಂತಿರಲಿಲ್ಲ. ಮಳೆಯನ್ನಷ್ಟೇ ನಂಬಿ ಬೆಳೆಯಬಲ್ಲ ಕಾಳು ಬೇಕಿತ್ತು. ಕಡೆಗೆ ಅವರ ಕೈ ಹಿಡಿದದ್ದು ಮುಸುಕಿನ ಜೋಳ.

ಹೊಳೆಯ ಈಚೆಗೆ, ಕೊಡಗಿನ ಊಟದಲ್ಲಿ ಮಾತ್ರ ಈ ಜೋಳಕ್ಕೆ ಎಂದೂ ಎಲೆ ಹಾಕಿರಲಿಲ್ಲ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ, ಎಲ್ಲವೂ ಅಕ್ಕಿಯವೇ. ಇಂದು ಅದೇ ಮನೆಗಳ ಬೆಳಗಿನ ತಿಂಡಿಗೆ ಕಾರ್ನ್‌ಫ್ಲೇಕ್ಸ್ ಬಂದಿದೆ. ಸೂಪು, ಗೋಬಿ ಮಂಚೂರಿಗೆ ಕಾರ್ನ್‌ಫ್ಲೋರ್ ಬೇಕು. ಪ್ರವಾಸಿ ತಾಣಗಳಲ್ಲಿ ಸುಟ್ಟ ತೆನೆ, ಕಪ್ಪಿನಲ್ಲಿ ಬೆಣ್ಣೆ ಹಾಕಿದ ಸ್ವೀಟ್‌ಕಾರ್ನ್. ನೂಪುಟ್ಟಿನ ಜೊತೆಗಿನ ಕೋಳಿ ಸಾರಿನಲ್ಲೂ ಜೋಳ ಅಡಗಿದೆ. ಫಾರಂ ಕೋಳಿಗಳ ಮೇವಿನ ಮುಖ್ಯ ಕಾಳು ಇದೇ. ಹಾಗಾದರೆ ಜೋಳ ಆರೋಗ್ಯಕ್ಕೆ ಒಳ್ಳೆಯದೇ? ಈ ಪ್ರಶ್ನೆಗೆ ಉತ್ತರ ಅದರ ಚರಿತ್ರೆಯಲ್ಲಿಯೇ ಇದೆ.

ಇಂದಿನ ಮೆಕ್ಸಿಕೋದ ಜನ ‘ತಿಯೋಸಿಂಟೆ’ ಎಂಬ ಕಾಡುಹುಲ್ಲನ್ನು ಪಳಗಿಸಿ ಸುಮಾರು 9,000 ವರ್ಷಗಳ ಹಿಂದೆ ಈ ಬೆಳೆಯನ್ನು ರೂಪಿಸಿದರು. ಬೆಳೆಯುವುದರ ಜೊತೆಗೆ ಉಣ್ಣುವ ವಿದ್ಯೆಯನ್ನೂ ಅವರು ಕಂಡುಕೊಂಡರು. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಅಥವಾ ಬೂದಿ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಬಿಟ್ಟು, ತೊಳೆದು ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ ರೊಟ್ಟಿ ತಟ್ಟುತ್ತಿದ್ದರು. ಜೋಳದಲ್ಲಿರುವ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಬಿಗಿಯಾಗಿ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಹಾಗೆಯೇ ತಿಂದರೆ ದೇಹಕ್ಕೆ ದಕ್ಕುವುದು ಅಲ್ಪ. ಸುಣ್ಣ ಆ ಕಟ್ಟನ್ನು ಬಿಡಿಸುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೂಡ ಸೇರುತ್ತದೆ. ಜೀವಸತ್ವದ ಹೆಸರು ಗೊತ್ತಿಲ್ಲದಿದ್ದರೂ ಆ ಅಡುಗೆಯವರಿಗೆ ಫಲ ಗೊತ್ತಿತ್ತು. ಪಕ್ಕದಲ್ಲಿ ಹುರುಳಿಕಾಯಿ ಜಾತಿಯ ಕಾಳು, ಕುಂಬಳವೂ ಇರುತ್ತಿತ್ತು.

1492ರ ಕೊಲಂಬಸ್ ಯಾನದ ನಂತರ ಕಾಳು ಯೂರೋಪಿಗೆ ಹೋಯಿತು. ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರು ಎಂಬುದು ಹೆಚ್ಚಿನ ಚರಿತ್ರಕಾರರ ಅಭಿಪ್ರಾಯ. ಕನ್ನಡಿಗರು ಈ ಹೊಸಬನಿಗೆ ಹಳೆಯ ಬಂಧುವಿನ ಹೆಸರನ್ನೇ ಕೊಟ್ಟರು: ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ. ಆದರೆ ಎಲ್ಲಿಗೆ ಹೋದರೂ ಕಾಳು ಒಂಟಿಯಾಗಿಯೇ ಹೋಯಿತು. ಸುಣ್ಣದ ವಿದ್ಯೆ ಹಿಂದೆಯೇ ಉಳಿಯಿತು.

ಅದರ ಬೆಲೆ ತೆತ್ತವರು ಬಡವರು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್, ಜೋಳವನ್ನೇ ನೆಚ್ಚಿದ ರೈತರಲ್ಲಿ ವಿಚಿತ್ರ ರೋಗವೊಂದನ್ನು ಕಂಡರು. ಬಿಸಿಲು ತಗುಲುವ ಕೈ, ಕತ್ತಿನ ಚರ್ಮ ಕಪ್ಪಾಗಿ ಒಡೆಯುತ್ತಿತ್ತು. ಭೇದಿ, ಬಳಿಕ ಬುದ್ಧಿಭ್ರಮಣೆ, ಕೊನೆಗೆ ಸಾವು. ಇಟಲಿಯಲ್ಲಿ ಅದಕ್ಕೆ ‘ಪೆಲಾಗ್ರ’ ಎಂಬ ಹೆಸರು ಬಿತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1906ರಿಂದ 1940ರ ನಡುವೆ ಸುಮಾರು 30 ಲಕ್ಷ ಜನರಿಗೆ ಇದು ತಗುಲಿ, ಸುಮಾರು 1 ಲಕ್ಷ ಮಂದಿ ಸತ್ತರೆಂಬ ಅಂದಾಜಿದೆ. ಕಾಳಿನ ಮೊಳಕೆ ಭಾಗವನ್ನು ತೆಗೆದು ಹಿಟ್ಟು ಮಾಡುವ ಹೊಸ ಯಂತ್ರಗಳು ಬಂದ ಕಾಲವೂ ಅದೇ ಆಗಿತ್ತು.

ಇದು ಅಂಟುರೋಗವೆಂದು ಹಲವರು ನಂಬಿದ್ದಾಗ, ಆಹಾರದ ಕೊರತೆಯೇ ಕಾರಣವೆಂದು ವಾದಿಸಿದವರು ಡಾ. ಜೋಸೆಫ್ ಗೋಲ್ಡ್‌ಬರ್ಗರ್. 1915ರಲ್ಲಿ ಮಿಸಿಸಿಪ್ಪಿಯ ಕೈದಿಗಳಿಗೆ ಜೋಳವೇ ಪ್ರಧಾನವಾದ ಊಟ ಕೊಟ್ಟು, ಅವರಲ್ಲಿ ರೋಗ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಬದಲಿಗೆ ಆ ಕೈದಿಗಳಿಗೆ ಬಿಡುಗಡೆಯ ಭರವಸೆ ಸಿಕ್ಕಿತ್ತು. ಇಂದಿನ ನೀತಿ ಇಂಥ ಪ್ರಯೋಗವನ್ನು ಒಪ್ಪದು. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್, ಕೊರತೆಯಾದ ವಸ್ತು ನಯಾಸಿನ್ ಎಂದು ಗುರುತಿಸಿದರು.

ನಮ್ಮ ದಖನ್ನೂ ಈ ರೋಗಕ್ಕೆ ಹೊರತಾಗಿರಲಿಲ್ಲ. ಹೈದರಾಬಾದಿನ ಪೌಷ್ಟಿಕಾಂಶ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ, ಬಿಳಿಜೋಳವನ್ನೇ ಉಂಡು ಬದುಕುತ್ತಿದ್ದ ಬಡವರಲ್ಲಿ ಪೆಲಾಗ್ರ ಇರುವುದನ್ನು 1960ರಲ್ಲಿ ಪ್ರಕಟಿಸಿದರು. ಪಾಠ ಒಂದೇ: ಒಂದೇ ಕಾಳಿನ ಮೇಲೆ ಹೊಟ್ಟೆಯನ್ನು ನಿಲ್ಲಿಸಬಾರದು. ಪಂಜಾಬಿನವರು ಮೆಕ್ಕೆಜೋಳದ ರೊಟ್ಟಿಗೆ ಸಾಸಿವೆ ಸೊಪ್ಪು, ಬೆಣ್ಣೆ, ಮಜ್ಜಿಗೆ ಸೇರಿಸಿಕೊಂಡದ್ದು ಸುಣ್ಣವಿಲ್ಲದ ಊರಿನ ಜಾಣತನ.

ಇಂದು ಹಾಲು, ಬೇಳೆ, ಮಾಂಸ ಉಣ್ಣುವ ಮನೆಗೆ ಪೆಲಾಗ್ರದ ಭಯವಿಲ್ಲ. ಇಂದಿನ ತೊಡಕು ಬೇರೆ: ಕಾಳಿನಿಂದ ಎಷ್ಟನ್ನು ತೆಗೆದುಹಾಕಲಾಗಿದೆ ಎಂಬುದು. ಒಣ ಇಡೀ ಕಾಳಿನಲ್ಲಿ 100 ಗ್ರಾಂಗೆ ಸುಮಾರು 9 ಗ್ರಾಂ ಪ್ರೋಟೀನು, ಒಳ್ಳೆಯ ಪ್ರಮಾಣದ ನಾರು ಇರುತ್ತದೆ. ಹಳದಿ ಬಣ್ಣ ಕೊಡುವ ಲೂಟಿನ್, ಜಿಯಾಕ್ಸಾಂಥಿನ್ ಕಣ್ಣಿಗೆ ಬೇಕಾದವು. ಕಾರ್ನ್‌ಫ್ಲೋರ್ ಬರೀ ಪಿಷ್ಟ. ರಕ್ತದ ಸಕ್ಕರೆಯನ್ನು ಏರಿಸುವ ವೇಗ ಅಳೆಯುವ ಸೂಚ್ಯಂಕದಲ್ಲಿ ಗ್ಲೂಕೋಸಿಗೆ 100 ಅಂಕವಾದರೆ, ಬೇಯಿಸಿದ ಸಿಹಿಜೋಳಕ್ಕೆ ಸುಮಾರು 50, ಕಾರ್ನ್‌ಫ್ಲೇಕ್ಸ್‌ಗೆ ಸುಮಾರು 80. ಕಾಳು ಒಂದೇ, ಪರಿಣಾಮ ಎರಡು.

ಆದ್ದರಿಂದ ಆಯ್ಕೆ ಕಷ್ಟವೇನಲ್ಲ. ತೆನೆಯಾಗಿಯೇ ಇರುವುದನ್ನು ಕೊಳ್ಳುವುದು ಮೊದಲ ನಿಯಮ. ಹಸಿರು ಮುಸುಕು, ಉಗುರಿನಿಂದ ಒತ್ತಿದರೆ ಹಾಲು ಚಿಮ್ಮುವ ಕಾಳು ಎಳೆಯದರ ಗುರುತು. ಕಿತ್ತ ತೆನೆಯ ಸಕ್ಕರೆ ಬೇಗ ಪಿಷ್ಟವಾಗುವುದರಿಂದ ತಂದ ದಿನವೇ ಬೇಯಿಸುವುದು ಲೇಸು. ಹಿಟ್ಟು ಬೇಕಾದರೆ ಇಡೀ ಕಾಳನ್ನೇ ಗಿರಣಿಯಲ್ಲಿ ಬೀಸಿಸಬಹುದು. ಬೇಳೆ, ಸೊಪ್ಪು, ಮೊಸರು ಪಕ್ಕದಲ್ಲಿರಲಿ. ಜೋಳ ತರಕಾರಿಯಲ್ಲ, ಧಾನ್ಯ. ಅದನ್ನು ತಿಂದ ದಿನ ಅನ್ನದ ಪ್ರಮಾಣ ಕಡಿಮೆಯಾಗಬೇಕು. ಸಕ್ಕರೆ ಕಾಯಿಲೆಯವರು ಇದನ್ನು ಮರೆಯುವಂತಿಲ್ಲ. ಪೊಟ್ಟಣದ ತಿಂಡಿಯಾದರೆ ಹಿಂಬದಿಯ ಸಣ್ಣಕ್ಷರದಲ್ಲಿ ಸಕ್ಕರೆ, ಉಪ್ಪು, ನಾರಿನ ಲೆಕ್ಕ ನೋಡಿಯೇ ಕೊಳ್ಳಬೇಕು.

ಬೈಲುಕುಪ್ಪೆಗೆ ಬಂದವರಿಗೆ 1960ರ ದಶಕದಲ್ಲಿ ಆಯ್ಕೆಯಿರಲಿಲ್ಲ. ನೆಲ ಒಪ್ಪಿದ ಕಾಳನ್ನು ಅವರು ಬಿತ್ತಿದರು. ಅಂಗಡಿಯ ಮುಂದೆ ನಿಂತ ಇಂದಿನ ಗ್ರಾಹಕನಿಗೆ ಆಯ್ಕೆಯಿದೆ. ಕುಶಾಲನಗರದ ದಾರಿಯಲ್ಲಿ ಕೆಂಡದ ಮೇಲೆ ಸುಟ್ಟು, ನಿಂಬೆ ಹೋಳಿನಿಂದ ಉಪ್ಪು-ಖಾರ ಸವರಿದ ತೆನೆಗೂ ಬಣ್ಣದ ಪೊಟ್ಟಣಕ್ಕೂ ಹೆಸರು ಒಂದೇ ಇರಬಹುದು. ಮುಸುಕು ಸುಲಿದರೆ ಕಾಳು ಕಾಣುವುದು ಮಾತ್ರ ತೆನೆಯಲ್ಲಿ.