ಮೇಲು ಯಾವುದು, ಕೀಳು ಯಾವುದು? ಪೆಟ್ ಶಾಪ್ ಬಾಯ್ಸ್ ಜಗಳ



1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ನೀಲ್ ಟೆನೆಂಟ್ ಮತ್ತು ಕ್ರಿಸ್ ಲೋ ಪರಿಚಯವಾದರು. ಸಿಂಥಸೈಸರ್ ಸಂಗೀತದ ಪ್ರಸಿದ್ಧ ಜೋಡಿ ‘ಪೆಟ್ ಶಾಪ್ ಬಾಯ್ಸ್’ ಹುಟ್ಟಿದ್ದು ಹೀಗೆ. 1986ರ ಜನವರಿಯಲ್ಲಿ ಇವರ ‘ವೆಸ್ಟ್ ಎಂಡ್ ಗರ್ಲ್ಸ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಇವರ ಅತ್ಯುತ್ತಮ ಆಲ್ಬಮ್ ಯಾವುದು? ಅಭಿಮಾನಿಗಳ ಈ ಜಗಳ ಇಂದಿಗೂ ಮುಗಿದಿಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡದ್ದು 1993ರ ‘ವೆರಿ’ ಒಂದೇ. ಆದರೂ ಹಲವರ ಮತ 1990ರ ‘ಬಿಹೇವಿಯರ್’ಗೆ. ಮ್ಯೂನಿಕ್‌ನಲ್ಲಿ ಹೆರಾಲ್ಡ್ ಫಾಲ್ಟರ್‌ಮಾಯರ್ ಜೊತೆ ಹಳೆಯ ಅನಲಾಗ್ ಸಿಂಥಸೈಸರುಗಳಲ್ಲಿ ಕಟ್ಟಿದ, ವಿಷಾದ ತುಂಬಿದ ಆಲ್ಬಮ್ ಅದು. ಏಡ್ಸ್‌ನಿಂದ ತೀರಿಕೊಂಡ ಗೆಳೆಯನ ನೆನಪಿನಲ್ಲಿ ಟೆನೆಂಟ್ ಬರೆದ ‘ಬೀಯಿಂಗ್ ಬೋರಿಂಗ್’ ಇರುವುದು ಅದರಲ್ಲೇ. ಆ ಹಾಡು ಪಟ್ಟಿಯಲ್ಲಿ 20ನೇ ಸ್ಥಾನದಿಂದ ಮೇಲೇರಲಿಲ್ಲ. ಅಭಿಮಾನಿಗಳ ಮನಸ್ಸಿನಿಂದ ಇಳಿಯಲೂ ಇಲ್ಲ.

‘ಕಳಪೆ’ ಎಂಬ ಹಣೆಪಟ್ಟಿ ಹೆಚ್ಚಾಗಿ ಬಿದ್ದದ್ದು 2002ರ ‘ರಿಲೀಸ್’ಗೆ. ಕಾರಣ, ಸಿಂಥಸೈಸರಿಗಿಂತ ಗಿಟಾರ್ ಮುಂದೆ ಬಂದದ್ದು! ಹಾಡು ಕೆಟ್ಟಿತೋ, ನಮ್ಮ ನಿರೀಕ್ಷೆ ಕೆಟ್ಟಿತೋ?

ಪಟ್ಟಿ ಹೇಳುವುದು ಆ ವಾರದ ಮಾರಾಟವನ್ನು. ವರ್ಷಗಟ್ಟಲೆ ಕೇಳಿದ ಕಿವಿಯ ಲೆಕ್ಕವೇ ಬೇರೆ. ಹಾಡು ಆರಿಸುವ ನಮ್ಮಂಥವರೂ ನೆನಪಿಡಬೇಕಾದ ಮಾತಿದು. ಹಾಗಾಗಿ ತೀರ್ಪು ಕೊಡುವ ಮುನ್ನ ‘ರಿಲೀಸ್’ಗೂ ಇನ್ನೊಮ್ಮೆ ಕಿವಿಗೊಡಿ.